ಅಕ್ಕನನ್ನು ಎತ್ತಬೇಡಿ

ನಮಸ್ಕಾರ ರೀ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಕಚೇರಿಗಳ ಮುಂದೆ ವೀಲ್‌ಚೇರ್ ಹತ್ತಲು ರ‍್ಯಾಂಪ್, ಅಂದರೆ ಇಳಿಜಾರು ದಾರಿ, ಬೇಕು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬ ಅಣ್ಣ ಬರೆದಿದ್ದಾರೆ: "ನಾಲ್ಕು ಜನ ಸೇರಿ ಎತ್ತಿದರೆ ಆಯಿತು, ರ‍್ಯಾಂಪ್ ಯಾಕೆ?" ಓದಿದ ಮೇಲೆ ನಿದ್ದೆಯೇ ಬರಲಿಲ್ಲ.

ನಮ್ಮ ಅಕ್ಕ ವೀಲ್‌ಚೇರ್‌ನಲ್ಲಿ ಓಡಾಡುತ್ತಾಳೆ. ಹೋದ ತಿಂಗಳು ಒಂದು ಕಚೇರಿಗೆ ಹೋದೆವು. ಆರು ಮೆಟ್ಟಿಲು. ಗುರುತಿಲ್ಲದ ಇಬ್ಬರು ಗಂಡಸರು ಓಡಿ ಬಂದು, ಒಂದು ಮಾತೂ ಕೇಳದೆ ಕುರ್ಚಿ ಸಮೇತ ಎತ್ತಿದರು. ಮನಸ್ಸು ಒಳ್ಳೆಯದೇ. ಆದರೆ ಅಕ್ಕ ಸೆರಗು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅವಳು ಹೋಗುವಂಥ ಶೌಚಾಲಯ ಅಲ್ಲಿ ಇರುವುದಿಲ್ಲ ಅಂತ ಅವಳಿಗೆ ಗೊತ್ತು. ನಮ್ಮ ಈ ಬಿಸಿಲಲ್ಲಿ!

ಎತ್ತಬೇಡಿ. ದಾರಿ ಮಾಡಿ.

ಸುಮ್ನೆ ಕೇಳುತ್ತಿಲ್ಲ ನಾನು. ಅಂಗವಿಕಲರ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 2006ರಲ್ಲಿ ಒಪ್ಪಂದ ತಂದಿತು. 2007ರ ಅಕ್ಟೋಬರ್ 1ರಂದು ಭಾರತ ಅದನ್ನು ಒಪ್ಪಿಕೊಂಡಿತು. ಕಟ್ಟಡ, ರಸ್ತೆ, ಬಸ್ಸು, ಮಾಹಿತಿ ಎಲ್ಲವೂ ಬೇರೆಯವರಷ್ಟೇ ಇವರಿಗೂ ಸಿಗಬೇಕು ಅನ್ನುತ್ತದೆ ಅದರ 9ನೇ ವಿಧಿ. ಆ ಮಾತು ಉಳಿಸಿಕೊಳ್ಳಲೆಂದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, ನಿಯಮ ಬಂದ ಮೇಲೆ 5 ವರ್ಷ ಕೊಟ್ಟರು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಯಾವತ್ತೋ ಮುಗಿಯಿತು, ಅಲ್ವಾ? ಬರೀ ಸಲಹೆ ಸಾಲದು, ಕಡ್ಡಾಯ ನಿಯಮ ಬೇಕು ಅಂತ ಸುಪ್ರೀಂ ಕೋರ್ಟ್ ಕೂಡ 2024ರ ನವೆಂಬರ್‌ನಲ್ಲಿ ಹೇಳಿತು.

"ನಮ್ಮಲ್ಲಿ ರ‍್ಯಾಂಪ್ ಇದೆಯಲ್ಲ" ಅಂತೀರಾ? ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೂರು ಅಡಿಗೆ 36. ಎಂಟೇ ಅಡಿಯಲ್ಲಿ ಮುಗಿಸಿದರೆ ಅದು ಜಾರುಬಂಡೆ. ಮತ್ತೆ ಯಾರಾದರೂ ಎತ್ತಲೇಬೇಕು. ಎತ್ತಬೇಡಿ ಅಂದೆ!

"ಅಂಥವರು ಎಷ್ಟು ಜನ ಬರುತ್ತಾರೆ?" ಮೆಟ್ಟಿಲು ನೋಡಿ ವಾಪಸ್ ಹೋದವರನ್ನು ಯಾರು ಎಣಿಸಿದ್ದೀರಿ? "ದುಡ್ಡಿಲ್ಲ" ಅನ್ನಬೇಡಿ. ಬಾಗಿಲ ಮುಂದೆ ಕಮಾನು ಕಟ್ಟಲು ದುಡ್ಡಿತ್ತು. ಹಾಸಲು ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದ್ದೇ ಇದೆ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಜಾಸ್ತಿ ಜನಕ್ಕೆ ತಲುಪಲಿ. ಆಳಂದ, ಸೇಡಂ, ಚಿಂಚೋಳಿ, ಜೇವರ್ಗಿ, ಎಲ್ಲೇ ಇರಿ, ನಿಮ್ಮೂರ ಬ್ಯಾಂಕು, ಶಾಲೆ, ಕಚೇರಿ ಮುಂದಿನ ಮೆಟ್ಟಿಲು ಎಣಿಸಿ ಕಮೆಂಟ್‌ನಲ್ಲಿ ಹಾಕಿ. ಮುಂದಿನ ವಾರ ಒಂದೊಂದನ್ನೂ ಓದುತ್ತೇನೆ. ಆ ಕಮೆಂಟ್ ಹಾಕಿದ ಅಣ್ಣಾ, ನೀವೂ ಎಣಿಸಿ. ಆದರೆ ನಮ್ಮ ಅಕ್ಕನನ್ನು ಎತ್ತಬೇಡಿ ರೀ. ಎತ್ತಬೇಡಿ.