ಏನೇನು ಬಿಟ್ಟಿದ್ದೀರಿ?

ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಮುಂಬೈಯ ಸೆಂಟ್ರಲ್ ರೈಲು ಲೈನಿನಲ್ಲಿ ರಿಪೇರಿಯ ಮೆಗಾಬ್ಲಾಕ್. ಆದರೂ ಡೊಂಬಿವಲಿ, ಕಲ್ಯಾಣದಿಂದ ಮಾಟುಂಗಾಕ್ಕೆ ಬಂದಿದ್ದೀರಿ. ಹಲ್ಲಿನ ಡಾಕ್ಟರ ಮಾತಿಗೆ ಇಷ್ಟು ಜನವಾ ಅಂತ ಖುಷಿಪಟ್ಟೆ. ಊಟ ಇದೆ ಅಂತ ಆಮೇಲೆ ಗೊತ್ತಾಯಿತು.

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಮೂಳೆ ಪದೇಪದೇ ಮುರಿಯುವ ಕಾಯಿಲೆ. ಹೋದ ಸಲ ಮೂಳೆ ಡಾಕ್ಟರು ಇಲ್ಲೇ ವಿವರವಾಗಿ ಹೇಳಿದ್ದಾರೆ. ನನ್ನ ತಕರಾರು ಒಂದೇ. ಅವತ್ತಿನ ಮಾತೆಲ್ಲ ಮೂಳೆ, ಮಕ್ಕಳು, ಮೂಳೆಯೊಳಗೆ ಹಾಕುವ ರಾಡ್. ಆ ಮಕ್ಕಳು ದೊಡ್ಡವರಾದ ಮೇಲೆ ಅವರ ಬಾಯಿಯ ಗತಿ ಏನು ಅಂತ ಯಾರೂ ಕೇಳಲಿಲ್ಲ.

ನನ್ನದೇ ತಪ್ಪಿನ ಒಂದು ಕತೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸಂಜೆ, ಕ್ಲಿನಿಕ್ ತುಂಬ ಜನ. ಒಬ್ಬರು ಬಂದು ಕೂತರು. ಮೂವತ್ತೈದರ ಆಸುಪಾಸು, ಹೋಟೆಲಿನ ಗಲ್ಲಾದಲ್ಲಿ ಕೂರುವವರು, ನಮ್ಮ ಕುಂದಾಪುರ ಕಡೆಯವರೇ. ಕುಳ್ಳಗಿದ್ದರು, ನಡಿಗೆ ಸ್ವಲ್ಪ ಓರೆ. ಬಾಯಿ ತೆರೆದರೆ ಹಲ್ಲೆಲ್ಲ ಕಂದು ಬೂದು, ಸವೆದು ಒಸಡಿನ ಮಟ್ಟಕ್ಕೆ ಬಂದಿವೆ. "ಗುಟ್ಕಾ ಎಷ್ಟು ವರ್ಷದಿಂದ?" ಅಂದುಬಿಟ್ಟೆ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧ ಆಯಿತು. ಗುಟ್ಕಾ ಹೋಗಿದೆಯಾ ಅನ್ನೋದು ಬೇರೆ ಮಾತು.

ಅವರು ಸಿಟ್ಟಾಗಲಿಲ್ಲ. "ಇದನ್ನು ಕೇಳಿದ ನಾಲ್ಕನೇ ಡಾಕ್ಟ್ರು ನೀವು. ನಾನು ಎಲೆ ಅಡಿಕೆ ಕೂಡ ಹಾಕಿದವನಲ್ಲ" ಅಂದರು. ಆಗ ಮಾಸ್ಕ್ ಮೇಲಿಂದ ಅವರ ಕಣ್ಣು ನೋಡಿದೆ. ಬಿಳಿ ಇರಬೇಕಾದ ಕಡೆ ತಿಳಿ ನೀಲಿ. ಈ ಮೂಳೆ ಕಾಯಿಲೆ ಇರುವ ಹಲವರ ಕಣ್ಣು ಹಾಗಿರುತ್ತದೆ. ಮೂಳೆ ಎಷ್ಟು ಸಲ ಮುರಿದಿದೆ ಅಂತ ಕೇಳಿದೆ. "17ಕ್ಕೆ ಲೆಕ್ಕ ಬಿಟ್ಟೆ."

"ಬೇರೆ ಏನೇನು ಬಿಟ್ಟಿದ್ದೀರಿ?" ಅಂದೆ. ಸುಮ್ನೆ, ಮುಜುಗರ ಮುಚ್ಚಲು. ಅವರು ಹೇಳುತ್ತಾ ಹೋದರು. ಅಷ್ಟಮಿಯ ಚಕ್ಕುಲಿ ಬಿಟ್ಟಿದ್ದಾರೆ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ಗಂಜಿ ಮಾಡಿಕೊಳ್ಳುತ್ತಾರೆ. ಮದುವೆಯಲ್ಲಿ ಗ್ರೂಪ್ ಫೋಟೊ ಅಂದ ಕೂಡಲೇ ಕೈ ತೊಳೆಯಲು ಏಳುತ್ತಾರೆ. ಗಿರಾಕಿಗೆ ಚಿಲ್ಲರೆ ಕೊಡುತ್ತಾರೆ, ಮಾತು ಕೊಡುವುದಿಲ್ಲ. "ಮೂಳೆ ಮುರಿದರೆ ಜನ ಹಣ್ಣು ತಗೊಂಡು ನೋಡಲು ಬರ್ತಾರೆ. ಹಲ್ಲು ಮುರಿದರೆ, ಹಲ್ಲುಜ್ಜಲ್ವಾ ಅಂತ ಕೇಳ್ತಾರೆ" ಅಂದರು.

ಉಜ್ಜಿದರೂ ಇದು ತಪ್ಪುವುದಿಲ್ಲ. ಮೂಳೆಗೂ ಹಲ್ಲಿನ ಒಳಗಿನ ಡೆಂಟಿನ್‌ಗೂ ನೂಲು ಒಂದೇ, ಟೈಪ್ 1 ಕೊಲಾಜೆನ್. ನೂಲಿನಲ್ಲೇ ದೋಷ ಇದ್ದರೆ ಕೆಲವರಲ್ಲಿ ಹಲ್ಲೂ ಕೆಡುತ್ತದೆ. ಎಲ್ಲರಲ್ಲೂ ಅಲ್ಲ, ಗಮನಿಸಿ. ಇದಕ್ಕೆ ಡೆಂಟಿನೋಜೆನೆಸಿಸ್ ಇಂಪರ್ಫೆಕ್ಟಾ ಅಂತ ಹೆಸರು. ಮೇಲಿನ ಎನಾಮಲ್ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ, ಕೆಳಗೆ ಹಿಡಿತ ಸಾಲದು. ಮಳೆಗಾಲದಲ್ಲಿ ನಮ್ಮ ಹಳೇ ಬಿಲ್ಡಿಂಗುಗಳ ಗಿಲಾವು ಉದುರುತ್ತದಲ್ಲ, ಹಾಗೆ ಎನಾಮಲ್ ಚೂರು ಚೂರಾಗಿ ಬೀಳುತ್ತದೆ. ಮೆತ್ತಗಿನ ಡೆಂಟಿನ್ ಬೇಗ ಸವೆಯುತ್ತದೆ. ಒಳಗಿನ ನರದ ದಾರಿಯೂ ಎಷ್ಟೋ ಸಲ ಮುಚ್ಚಿರುತ್ತದೆ. ರೂಟ್ ಕೆನಾಲ್ ಮಾಡೋಣ ಅಂದರೆ ಕೆನಾಲೇ ಸಿಗುವುದಿಲ್ಲ! ಅದಕ್ಕೇ ಸವೆಯುವ ಮೊದಲೇ ಕ್ಯಾಪ್ ಹಾಕಬೇಕು ಅನ್ನುವುದು.

ಬಾಯಿಯಿಂದ ಬದುಕಿಗೆ ಎಷ್ಟು ತೊಂದರೆ ಅಂತ ಅಳೆಯಲು ನಮ್ಮಲ್ಲಿ 14 ಪ್ರಶ್ನೆಗಳ ಪಟ್ಟಿ ಇದೆ. ಮಾತಾಡಲು ತೊಂದರೆ ಆಯಿತಾ, ಊಟ ಅರ್ಧಕ್ಕೆ ನಿಲ್ಲಿಸಿದಿರಾ, ನಾಚಿಕೆ ಆಯಿತಾ, ಹೀಗೆ. ಒಳ್ಳೆಯ ಪಟ್ಟಿ. ಆದರೆ ಹುಟ್ಟಿನಿಂದ ಹೀಗೇ ಇರುವವರು "ತೊಂದರೆ ಏನಿಲ್ಲ" ಅಂತ ಬರೆದುಬಿಡುತ್ತಾರೆ. ಚಕ್ಕುಲಿ ಬಿಟ್ಟು ಇಪ್ಪತ್ತು ವರ್ಷ ಆದವರಿಗೆ ಚಕ್ಕುಲಿ ತೊಂದರೆ ಅಲ್ವಲ್ಲ! ಅದಕ್ಕೇ ನಾನು ಹೇಳುವುದು, ಏನೇನು ಬಿಟ್ಟಿದ್ದೀರಿ ಅಂತ ಕೇಳಿ.

ಚೀಟಿ ಬಂತು. ಐದು ನಿಮಿಷವಂತೆ. ಸ್ವಾಗತ ಭಾಷಣಕ್ಕೆ ಚೀಟಿ ಕಳಿಸುವ ಪದ್ಧತಿ ಇಲ್ಲವೇನೋ.

ಬೇಗ ಹೇಳುತ್ತೇನೆ. ಮೂಳೆಗೆ ಬಿಸ್ಫಾಸ್ಫೊನೇಟ್ ಅನ್ನುವ ಔಷಧಿ ತಗೊಂಡಿದ್ದರೆ ಹಲ್ಲು ಕೀಳಿಸುವ ಮೊದಲೇ ತಿಳಿಸಿ. ಅದರಿಂದ ದವಡೆಯ ಗಾಯ ಮಾಯಲು ತಡವಾಗಬಹುದು. ಮೂಳೆ ತೀರಾ ಮೆದುವಾಗಿದ್ದರೆ ಬಿಪಿ ಪಟ್ಟಿ ಬಿಗಿದರೂ ಕೈ ಮುರಿಯಬಹುದು, ಅದನ್ನೂ ಹೇಳಿ. ದೊಡ್ಡವರಾದ ಮೇಲೆ ಹಲವರಿಗೆ ಕಿವಿಯೂ ಮಂದವಾಗುತ್ತದೆ. ಡಾಕ್ಟರುಗಳೇ, ಮಾತಾಡುವಾಗ ಮಾಸ್ಕ್ ಇಳಿಸಿ. ದವಡೆಯ ಜೋಡಣೆ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಇರಲಿ.

ಆ ಗಲ್ಲಾದವರಿಗೆ ಉಳಿದ ಹಲ್ಲಿಗೆಲ್ಲ ಕ್ಯಾಪ್ ಹಾಕಿದೆ, ಒಂದೊಂದು ಸಲ ಸ್ವಲ್ಪ ಸ್ವಲ್ಪ. ಚಕ್ಕುಲಿ ಈಗಲೂ ಇಲ್ಲ. ಗ್ರೂಪ್ ಫೋಟೊಗೆ ಮಾತ್ರ ನಿಲ್ಲುತ್ತಾರಂತೆ, ಕೊನೇ ಸಾಲಿನಲ್ಲಿ. ಕುಳ್ಳಗಿರುವವರು ಕೊನೇ ಸಾಲಿನಲ್ಲಿ ನಿಂತರೆ ಏನು ಕಾಣುತ್ತದೆ, ನೀವೇ ಹೇಳಿ. ಮುಂದಿನ ಸಲ ಬಂದಾಗ ಕೇಳಬೇಕು. ಪ್ರಶ್ನೆ ಇದ್ದವರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತುಕೊಳ್ಳಿ.