ಬಾರದ ಸಿಗ್ನಲ್‌ಗೂ ಬಂದ ವರದಿ: ವಿಸ್ಪರ್ ಸ್ಪಾಟ್‌ಗಳಲ್ಲಿ ತಪ್ಪು ಪತ್ತೆ

ಎಲ್ಲರಿಗೂ ನಮಸ್ಕಾರ.

ಹವ್ಯಾಸಿ ರೇಡಿಯೊದ 10 ಮೀಟರ್ ಬ್ಯಾಂಡ್ ಮುಚ್ಚಿರಬೇಕಾದ, ಅಂದರೆ ದೂರದ ಸಿಗ್ನಲ್ ಬರಬಾರದ ನಡುರಾತ್ರಿಯಲ್ಲಿ ಎಂಟು ಸಾವಿರ ಕಿಲೋಮೀಟರ್ ದೂರದ ಸ್ಪಾಟ್ ಒಂದು (ಇಂಥ ನಿಲ್ದಾಣ ಕೇಳಿಸಿತು ಎಂದು ರಿಸೀವರ್ ಕಳಿಸುವ ವರದಿ) ಬಂತು ಎಂದುಕೊಳ್ಳಿ. ಅದು ಅಯಾನುಗೋಳದ ಕೆಲಸವೋ, ಸಿಗ್ನಲ್ ಓದುವ ತಂತ್ರಾಂಶವಾದ ಡಿಕೋಡರ್ ಹುಟ್ಟಿಸಿದ್ದೋ, ಅಥವಾ ಯಾರೋ ಬ್ಯಾಂಡ್ ತಪ್ಪಾಗಿ ನಮೂದಿಸಿದ್ದೋ? ಮೂರಕ್ಕೂ ಬೇರೆ ಬೇರೆ ಗುರುತುಗಳಿವೆ.

ಮೊದಲು ಡಿಕೋಡರ್. ಜೋ ಟೇಲರ್ 2008ರಲ್ಲಿ ಹೊರತಂದ ಡಬ್ಲ್ಯುಎಸ್‌ಪಿಆರ್, ಅಂದರೆ ನಮ್ಮ ಬಾಯಲ್ಲಿ ವಿಸ್ಪರ್ ಎಂಬ ಕ್ಷೀಣ ಸಿಗ್ನಲ್‌ಗಳ ಪ್ರಸಾರ ವಿಧಾನ, ಒಂದು ಪ್ರಸಾರದಲ್ಲಿ ಕಳಿಸುವುದು 50 ಬಿಟ್ ಮಾತ್ರ: ನಿಲ್ದಾಣದ ಗುರುತಾದ ಕಾಲ್‌ಸೈನ್‌ಗೆ 28, ಅದರ ಜಾಗ ಹೇಳುವ ಲೊಕೇಟರ್‌ಗೆ 15, ಪ್ರಸಾರದ ಪವರ್‌ಗೆ 7. ಇದನ್ನು 162 ಸಂಕೇತಗಳಾಗಿ ಹರಡಿ 110.6 ಸೆಕೆಂಡು ಕಳಿಸುತ್ತಾರೆ. ದೋಷ ತಿದ್ದುವ ಕೋಡ್ ಬಲವಾಗಿದೆ, ಆದರೆ ಬಂದದ್ದು ಸರಿಯೇ ಎಂದು ತಾಳೆ ನೋಡುವ ಸಿಆರ್‌ಸಿ ಇಲ್ಲ. ಹೀಗಾಗಿ ಗದ್ದಲದಿಂದ ಎದ್ದು ಬಂದ 50 ಬಿಟ್ಟಿಗೂ ಅರ್ಥ ಸಿಕ್ಕಿಬಿಡುತ್ತದೆ. 15 ಬಿಟ್‌ನಲ್ಲಿ 32,768 ಸಂಖ್ಯೆಗಳಿವೆ. ಭೂಮಿಯನ್ನು ಹಂಚಿರುವ ನಾಲ್ಕಕ್ಷರದ ಚೌಕಗಳು 32,400. ಅಂದರೆ ಕಣ್ಣುಮುಚ್ಚಿ ಯಾವ ಸಂಖ್ಯೆ ಎತ್ತಿದರೂ ಸುಮಾರು ನೂರಕ್ಕೆ 99 ಸಲ ಅದೊಂದು ನಿಜವಾದ ಜಾಗ. ಕಾಲ್‌ಸೈನ್‌ನ 28 ಬಿಟ್‌ಗಳ ಕಥೆಯೂ ಹೆಚ್ಚುಕಡಿಮೆ ಅದೇ. ಸ್ವಲ್ಪವಾದರೂ ತಡೆಯುವುದು ಪವರ್ ಭಾಗ: ಸಾಮಾನ್ಯ ಸಂದೇಶದಲ್ಲಿ 0ಯಿಂದ 60 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್) ಒಳಗೆ 0, 3, 7ರಲ್ಲಿ ಕೊನೆಯಾಗುವ 19 ಬೆಲೆಗಳಿಗೆ ಮಾತ್ರ ಪ್ರವೇಶ.

ಆದ್ದರಿಂದ ಡಿಕೋಡರ್ ಹುಟ್ಟಿಸಿದ ಸ್ಪಾಟ್‌ಗೆ ಒಂಟಿತನವೇ ಗುರುತು. ಆ ಕಾಲ್‌ಸೈನ್ ಬೇರೆ ಯಾರಿಗೂ ಕೇಳಿರುವುದಿಲ್ಲ, ಹಿಂದೆ ಮುಂದೆ ಮತ್ತೆ ಬರುವುದಿಲ್ಲ, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ, ಡೆಸಿಬೆಲ್‌ನಲ್ಲಿ) ಮಿತಿಯ ಅಂಚಿನಲ್ಲಿ ಮೈನಸ್ 28, 30ರ ಆಸುಪಾಸಿನಲ್ಲಿರುತ್ತದೆ. ಆವರ್ತನ ಜಾರಿದ್ದನ್ನು ತೋರಿಸುವ ಡ್ರಿಫ್ಟ್ ಕಾಲಮ್‌ನಲ್ಲಿ 3 ಅಥವಾ 4 ಇದ್ದರೆ ಅನುಮಾನ ಇನ್ನೂ ಹೆಚ್ಚಲಿ. 0, 1 ಅಥವಾ ಕ್ಯೂ ಅಕ್ಷರದಿಂದ ಶುರುವಾಗುವ ಕಾಲ್‌ಸೈನ್ ಕಂಡೊಡನೆ ಅಳಿಸಲು ಕೈ ಹಾಕಬೇಡಿ. ಯಾವ ದೇಶಕ್ಕೂ ಹಂಚದ ಈ ಆರಂಭಗಳಲ್ಲಿ ಪುಟ್ಟ ಬಲೂನುಗಳು ಎತ್ತರ, ತಾಪಮಾನದಂಥ ಅಳತೆಗಳನ್ನು ತುಂಬಿ ಕಳಿಸುತ್ತವೆ. ಸಿಗ್ನಲ್ ನಿಜ, ಲೊಕೇಟರ್ ಮಾತ್ರ ನಿಜವಲ್ಲ; ದೂರದ ಲೆಕ್ಕಕ್ಕೆ ಅದನ್ನು ಸೇರಿಸಬಾರದು.

ಎಫ್‌ಟಿ8 ಎಂಬ ಇನ್ನೊಂದು ಡಿಜಿಟಲ್ ವಿಧಾನದಲ್ಲಿ 14 ಬಿಟ್ ಸಿಆರ್‌ಸಿ ಇದೆ, ಆದರೂ ತಪ್ಪು ನುಸುಳುತ್ತದೆ. ಸುಮ್ಮನೆ ಬಂದ ಬಿಟ್‌ಗಳು 16,384ಕ್ಕೊಂದು ಸಲ ಈ ಬಾಗಿಲು ದಾಟುತ್ತವೆ. ದಿನಕ್ಕೆ 15 ಸೆಕೆಂಡಿನ 5,760 ಸುತ್ತುಗಳು. ಪ್ರತಿ ಸುತ್ತಿನಲ್ಲಿ 100 ಪೊಳ್ಳು ಅಭ್ಯರ್ಥಿಗಳನ್ನು ಡಿಕೋಡರ್ ಅಲ್ಲಿಯವರೆಗೆ ತಂದು ನಿಲ್ಲಿಸಿತು ಎಂದರೆ ದಿನಕ್ಕೆ 35 ಸುಳ್ಳು. ತಂತ್ರಾಂಶದಲ್ಲಿ ಬೇರೆ ಜರಡಿಗಳೂ ಇರುವುದರಿಂದ ಅಷ್ಟು ಕಾಣುವುದಿಲ್ಲ. ಆದರೆ ‘ಡೀಪ್’ ಆಯ್ಕೆ ಒತ್ತಿದಾಗ ಇನ್ನೂ ಕ್ಷೀಣವಾದ ಸಿಗ್ನಲ್ ಜೊತೆಗೆ ಇವೂ ಬರುತ್ತವೆ ಎಂಬುದು ನೆನಪಿರಲಿ.

ಇಷ್ಟಾದರೂ, ಡಿಕೋಡರ್‌ನ ತಪ್ಪು ನನ್ನ ಪ್ರಕಾರ ನಿರುಪದ್ರವಿ. ಚೆಲ್ಲಾಪಿಲ್ಲಿಯಾಗಿ ಬರುತ್ತದೆ, ಬೇಗ ಸಿಕ್ಕಿಬೀಳುತ್ತದೆ. ಅಧ್ಯಯನ ಕೆಡಿಸುವುದು ನಿಜವಾದ ಸಿಗ್ನಲ್‌ಗೆ ತಪ್ಪು ಚೀಟಿ ಅಂಟಿದಾಗ. ಕಾಲ್‌ಸೈನ್ ಸರಿ, ಲೊಕೇಟರ್ ಸರಿ, ಎಸ್‌ಎನ್‌ಆರ್ ಮೈನಸ್ 12, ಪ್ರತಿ ಸುತ್ತಿನಲ್ಲೂ ಬರುತ್ತದೆ. ಬ್ಯಾಂಡ್ ಮಾತ್ರ ತಪ್ಪು. ರೇಡಿಯೊ ಮತ್ತು ಕಂಪ್ಯೂಟರ್ ನಡುವೆ ಆವರ್ತನ ತಿಳಿಸುವ ಕ್ಯಾಟ್ ಕೇಬಲ್ ಇಲ್ಲದೆ ಡಯಲ್ ತಿರುಗಿಸಿ, ತಂತ್ರಾಂಶದಲ್ಲಿ ಹಳೆಯ ಬ್ಯಾಂಡನ್ನೇ ಬಿಟ್ಟಾಗ ಹೀಗಾಗುತ್ತದೆ. ಒಂದೇ ಕಂಪ್ಯೂಟರ್‌ಗೆ ಎರಡು ರೇಡಿಯೊ ಜೋಡಿಸಿ ಸೌಂಡ್‌ಕಾರ್ಡ್ ಅದಲುಬದಲಾದರೂ ಇದೇ ಫಲ.

ಇದನ್ನು ಹಿಡಿಯುವುದು ಹೇಗೆ? ಅದೇ ಎರಡು ನಿಮಿಷದ ಸುತ್ತಿನಲ್ಲಿ ಅದೇ ಕಾಲ್‌ಸೈನ್‌ಗೆ ಬಂದ ಎಲ್ಲ ಸ್ಪಾಟ್ ತೆಗೆಯಿರಿ. ಇಪ್ಪತ್ತು ಜನ 14.097062 ಮೆಗಾಹರ್ಟ್ಸ್ ಎನ್ನುತ್ತಾರೆ, ಒಬ್ಬರು 28.126062 ಎನ್ನುತ್ತಾರೆ. ರೇಡಿಯೊದ ಡಯಲ್ ಆವರ್ತನ 20 ಮೀಟರ್ ಬ್ಯಾಂಡ್‌ನಲ್ಲಿ 14.0956, 10 ಮೀಟರ್‌ನದು 28.1246. ಕಳೆದು ನೋಡಿ: ಎರಡರಲ್ಲೂ ಉಳಿಯುವುದು 1,462 ಹರ್ಟ್ಸ್. ಅಂದರೆ ಆ ಒಬ್ಬರ ರೇಡಿಯೊ ಇದ್ದದ್ದೂ 20 ಮೀಟರ್‌ನಲ್ಲೇ. ರಿಸೀವರ್‌ಗಳ ತಿದ್ದುಪಡಿಯ ವ್ಯತ್ಯಾಸದಿಂದ ಕೆಲವು ಹರ್ಟ್ಸ್ ಆಚೀಚೆ ಇರಬಹುದು, ಅಷ್ಟೆ. ಪ್ರಸಾರಕನ ಎರಡನೇ ಹಾರ್ಮೋನಿಕ್ ಇರಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 14.097062ರ ಎರಡರಷ್ಟು 28.194124, ವಿಸ್ಪರ್ ಬಳಸುವ ಕಿರಿದಾದ ಆವರ್ತನ ಕಿಟಕಿಯಿಂದ 68 ಕಿಲೋಹರ್ಟ್ಸ್ ದೂರ. ಹಾಗಾಗಿ ಅದಕ್ಕಿಲ್ಲಿ ಜಾಗವೇ ಇಲ್ಲ. ಹಾಗೆಂದು ಕೆಲವರು ಏಕಕಾಲಕ್ಕೆ ಹಲವು ಬ್ಯಾಂಡ್‌ಗಳಲ್ಲಿ ಪ್ರಸಾರ ಮಾಡುತ್ತಾರೆ. ಆಗ 10 ಮೀಟರ್‌ನಲ್ಲಿ ಬೇರೆಯವರಿಗೂ ಕೇಳಿರಬೇಕು.

ಹತ್ತಿರದ ಬಲವಾದ ಸಿಗ್ನಲ್‌ನ ನೆರಳುಗಳೂ ಇವೆ. ಒಂದೇ ಕಾಲ್‌ಸೈನ್ ಒಂದೇ ಸುತ್ತಿನಲ್ಲಿ ಮೂರು ಸಲ, ನಡುವಿನದರ ಎರಡೂ ಪಕ್ಕ 50 ಅಥವಾ 100 ಹರ್ಟ್ಸ್ ದೂರದಲ್ಲಿ ಬಂದರೆ, ವಿದ್ಯುತ್ ಪೂರೈಕೆಯ ಹಮ್ ಸೇರಿಕೊಂಡಿದೆ ಎಂದೇ ಲೆಕ್ಕ. 60 ಹರ್ಟ್ಸ್ ವಿದ್ಯುತ್ತಿನ ಕಡೆ 60, 120. ಪವರ್ ಸಪ್ಲೈ ಬದಲು ಬ್ಯಾಟರಿಯಲ್ಲಿ ಓಡಿಸಿ ನೋಡಿದರೆ ತಿಳಿಯುತ್ತದೆ.

ಎಸ್‌ಎನ್‌ಆರ್ ಬಗ್ಗೆ ಎರಡು ಮಾತು. ವರದಿಯ ಅಂಕಿ 2,500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿದ್ದು. 200 ಹರ್ಟ್ಸ್‌ನ ಕಿರಿದಾದ ಫಿಲ್ಟರ್ ಹಾಕಿದರೆ, ಡಿಕೋಡರ್ ಗದ್ದಲ ಅಳೆಯುವ ಜಾಗದ ಅಂಚುಗಳು ಖಾಲಿಯಾಗಿ ಎಸ್‌ಎನ್‌ಆರ್ ಉಬ್ಬುತ್ತದೆ. ಎಸ್‌ಎಸ್‌ಬಿ, ಅಂದರೆ ಮಾತಿನ ಪ್ರಸಾರದ ಅಗಲದ ಫಿಲ್ಟರನ್ನೇ ಇಡಿ. ಎರಡನೆಯದು ಪವರ್: 200 ಮಿಲಿವಾಟ್ ಎಂದರೆ 23 ಡಿಬಿಎಂ. ಅಲ್ಲಿ 5 ವಾಟ್‌ನ 37 ಉಳಿದುಹೋದರೆ ಹಾದಿಯ ನಷ್ಟದ ಲೆಕ್ಕದಲ್ಲಿ 14 ಡೆಸಿಬೆಲ್ ಸುಳ್ಳು, ಅದೂ ಆ ಪ್ರಸಾರಕನನ್ನು ಕೇಳಿದ ಎಲ್ಲರ ವರದಿಯಲ್ಲೂ.

ಮೋರ್ಸ್ ಸಂಕೇತವನ್ನು ತಾವಾಗಿ ಕೇಳಿ ವರದಿ ಮಾಡುವ ಸ್ಕಿಮ್ಮರ್ ತಂತ್ರಾಂಶಗಳದು ಬೇರೆ ಜಾತಿಯ ತಪ್ಪು. ಸಿಗ್ನಲ್ ಕ್ಷೀಣಿಸುವ ಫೇಡಿಂಗ್‌ನಲ್ಲಿ ಕೊನೆಯ ಡ್ಯಾಶ್ ಮುಳುಗಿದರೆ 1 ಜೆ ಆಗುತ್ತದೆ, ಜೆ ಡಬ್ಲ್ಯು ಆಗುತ್ತದೆ. ಮೊದಲ ಡಾಟ್ ಹೋದರೆ 4 ವಿ ಆಗುತ್ತದೆ. ಅದೇ ಆವರ್ತನದಲ್ಲಿ, ಅದೇ ನಿಮಿಷದಲ್ಲಿ ಒಂದೇ ಅಕ್ಷರ ಬೇರೆಯಿರುವ ಕಾಲ್‌ಸೈನ್ ಹೆಚ್ಚು ಜನರಿಗೆ ಕೇಳಿದ್ದರೆ, ಬಹುಮತ ಯಾವ ಕಡೆಗಿದೆಯೋ ಅದನ್ನೇ ನಂಬಿ.

ಅನುಮಾನದ ಸ್ಪಾಟ್‌ಗಳನ್ನು ಅಳಿಸಬೇಡಿ, ಗುರುತು ಹಾಕಿ ಪಕ್ಕಕ್ಕಿಡಿ. ದೂರವೊಂದನ್ನೇ ನೋಡಿ ಕಿತ್ತು ಹಾಕಿದರೆ ಅಯಾನುಗೋಳದ ಸ್ಪೊರಾಡಿಕ್ ಇ ಪದರದಿಂದ 6 ಮೀಟರ್ ಬ್ಯಾಂಡ್ ತೆರೆದ ದಿನಗಳೂ ಕಸದ ಜೊತೆ ಹೋಗುತ್ತವೆ. ರಿಸೀವರ್ ನಡೆಸುವವರಿಗೆ ಒಂದು ವಿನಂತಿ: ಸುತ್ತಿನ ನಡುವೆ ಡಯಲ್ ತಿರುಗಿಸಬೇಕಾಗಿ ಬಂದರೆ ಮೊದಲು ಅಪ್‌ಲೋಡ್ ನಿಲ್ಲಿಸಿ, ಹೊಸ ಬ್ಯಾಂಡ್‌ನಲ್ಲಿ ಒಂದು ಪೂರ್ತಿ ಸುತ್ತು ಮುಗಿದ ಮೇಲೆ ಶುರು ಮಾಡಿ.