ನೊಣದ ಬೋನು ಮತ್ತು ಹಾರುವ ಗಂಟೆ

ಕೇಳುಗರೇ, ನಮಸ್ಕಾರ.

ಪೋಲೆಂಡಿನ ನೈಋತ್ಯ ಮೂಲೆಯಲ್ಲಿ, ಚೆಕ್ ಗಡಿಗೆ ಹತ್ತಿರ, ಲುಡ್ವಿಕೊವಿಟ್ಸೆ ಎಂಬ ಊರಿದೆ. ಅಲ್ಲಿನ ಹಳೆಯ ಕಲ್ಲಿದ್ದಲು ಗಣಿಯ ಬಳಿ ಕಾಂಕ್ರೀಟಿನ ದಪ್ಪ ಕಂಬಗಳು ದುಂಡಗೆ ನಿಂತಿವೆ. ಅವುಗಳ ತಲೆಯ ಮೇಲೆ ಬಳೆ ತೊಡಿಸಿದಂತೆ ಒಂದು ಕಾಂಕ್ರೀಟ್ ತೊಲೆ. ಗೋಡೆಯಿಲ್ಲ, ಚಾವಣಿಯಿಲ್ಲ, ನಡುವೆ ಆಕಾಶ. ಪೋಲಿಷ್ ಭಾಷೆಯಲ್ಲಿ ಇದಕ್ಕೆ ‘ಮುಖೊವಾಪ್ಕಾ’ ಎಂಬ ಹೆಸರು. ಅಂದರೆ ನೊಣ ಹಿಡಿಯುವ ಬೋನು. ಕಾಲು ಶತಮಾನದಿಂದ ಅದರೊಳಗೆ ಸಿಕ್ಕಿಬೀಳುತ್ತಿರುವವರು ಮಾತ್ರ ಮನುಷ್ಯರು.

ಇದಕ್ಕೆ ಕಾರಣ ಒಂದು ಗಂಟೆಯ ಕಥೆ. 2000ದಲ್ಲಿ ಇಗೋರ್ ವಿಟ್ಕೋವ್ಸ್ಕಿ ಎಂಬ ಪೋಲಿಷ್ ಪತ್ರಕರ್ತರು ಹಿಟ್ಲರನ ವಿಚಿತ್ರ ಆಯುಧಗಳ ಬಗ್ಗೆ ಪುಸ್ತಕ ಬರೆದರು. ಯುದ್ಧದ ಕೊನೆಯ ದಿನಗಳಲ್ಲಿ ಜರ್ಮನರು ದೇವಸ್ಥಾನದ ಗಂಟೆಯ ಆಕಾರದ, ಆಳೆತ್ತರಕ್ಕೆ ಎರಡು ಮಡಿ ಮೀರಿದ ಲೋಹದ ಯಂತ್ರವೊಂದನ್ನು ಗುಟ್ಟಾಗಿ ಪರೀಕ್ಷಿಸುತ್ತಿದ್ದರಂತೆ. ಒಳಗೆ ಎರಡು ಉರುಳೆಗಳು ಎದುರುಬದುರು ದಿಕ್ಕಿನಲ್ಲಿ ಗಿರಗಿರ ತಿರುಗುತ್ತಿದ್ದವಂತೆ. ಅದಕ್ಕೆ ತುಂಬುತ್ತಿದ್ದದ್ದು ಪಾದರಸದಂಥ ನೇರಳೆ ದ್ರವ. ಹೆಸರು ‘ಜೆರಮ್ 525’. ಕೆಲವು ವಿಜ್ಞಾನಿಗಳು ಅದರ ಪ್ರಭಾವಕ್ಕೆ ಸತ್ತೇ ಹೋದರಂತೆ. ಇಂಥ ಯಂತ್ರ ಗುರುತ್ವಾಕರ್ಷಣೆಯನ್ನೇ ಗೆಲ್ಲಬಲ್ಲದಾಗಿತ್ತು, ಕಾಂಕ್ರೀಟ್ ಕಂಬಗಳು ಅದನ್ನು ಕಟ್ಟಿ ಪರೀಕ್ಷಿಸುವ ಅಟ್ಟಣೆಯಾಗಿದ್ದವು ಎಂಬುದು ಕಥೆ. ಮರುವರ್ಷ ನಿಕ್ ಕುಕ್ ಎಂಬ ಬ್ರಿಟಿಷ್ ಪತ್ರಕರ್ತರು ಇದನ್ನು ಇಂಗ್ಲಿಷ್ ಲೋಕಕ್ಕೆ ಕೊಂಡೊಯ್ದರು. ಅವರು ಹೆಸರಾಂತ ರಕ್ಷಣಾ ಪತ್ರಿಕೆಯೊಂದರಲ್ಲಿ ಕೆಲಸ ಮಾಡಿದ್ದವರಾದ್ದರಿಂದ ಕಥೆಗೆ ತೂಕ ಬಂತು.

ಇಷ್ಟಕ್ಕೆಲ್ಲ ಮೂಲ ಯಾವುದು? ಯಾಕೊಬ್ ಸ್ಪೋರೆನ್‌ಬೆರ್ಗ್ ಎಂಬ, ಹಿಟ್ಲರನ ಎಸ್‌ಎಸ್ ಪಡೆಯ ಅಧಿಕಾರಿಯ ವಿಚಾರಣೆಯ ಕಡತ. ಹೆಸರು ಹೇಳಲೊಪ್ಪದ ಗುಪ್ತಚರ ಅಧಿಕಾರಿಯೊಬ್ಬರು 1997ರಲ್ಲಿ ಅದನ್ನು ತೋರಿಸಿದರು, ಕೈಯಲ್ಲಿ ಬರೆದುಕೊಳ್ಳಲು ಬಿಟ್ಟರು, ನಕಲು ತೆಗೆಯಲು ಬಿಡಲಿಲ್ಲ ಎನ್ನುತ್ತಾರೆ ವಿಟ್ಕೋವ್ಸ್ಕಿ. ಆ ಕಡತ ಇಂದಿಗೂ ಬೆಳಕಿಗೆ ಬಂದಿಲ್ಲ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಪಹಣಿಯಿಲ್ಲದೆ ಒಂದು ಗುಂಟೆ ಜಮೀನಿನ ಮಾತೂ ನಡೆಯುವುದಿಲ್ಲ. ಇಲ್ಲಿ ಭೌತಶಾಸ್ತ್ರವನ್ನೇ ಬರೆದುಕೊಡಿ ಎನ್ನುತ್ತಿದ್ದಾರೆ!

ಪಾದರಸದ ಮಾತು ಬಂದ ಕೂಡಲೇ ಈ ಕಥೆಗಾರರಲ್ಲಿ ಕೆಲವರು ನಮ್ಮ ಕಡೆಗೂ ಕೈ ಚಾಚುತ್ತಾರೆ. ವೈಮಾನಿಕ ಶಾಸ್ತ್ರವನ್ನು ಸಾಕ್ಷಿಗೆ ಕರೆಯುತ್ತಾರೆ. ಭರದ್ವಾಜ ಮಹರ್ಷಿಯ ಹೆಸರಿನಲ್ಲಿರುವ ಆ ಗ್ರಂಥವನ್ನು ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಗ್ರಂಥ 1904ಕ್ಕಿಂತ ಹಳೆಯದಲ್ಲ, ಅದರಲ್ಲಿನ ವಿಮಾನಗಳು ಹಾರುವಂಥವೂ ಅಲ್ಲ ಎಂದು ಬರೆದರು. ಒಂದು ಸುಳ್ಳಿಗೆ ಇನ್ನೊಂದು ಜಾಮೀನು ನಿಂತರೆ ಆರೋಪಿ ಬಿಡುಗಡೆಯಾಗುವುದಿಲ್ಲ.

ಇನ್ನು ಆ ಕಂಬಗಳು. ಗಣಿಯ ಪಕ್ಕದಲ್ಲಿ ವಿದ್ಯುತ್ ಸ್ಥಾವರವಿತ್ತು. ಕೂಲಿಂಗ್ ಟವರ್ ನೋಡಿದವರಿಗೆ ಗೊತ್ತು: ಮೇಲಿನ ದೊಡ್ಡ ಕೊಳವೆ ನೇರವಾಗಿ ನೆಲದ ಮೇಲೆ ಕೂರುವುದಿಲ್ಲ, ಕಂಬಗಳ ಮೇಲೆ ನಿಲ್ಲುತ್ತದೆ. ಕಂಬಗಳ ನಡುವಿನಿಂದ ತಣ್ಣನೆಯ ಗಾಳಿ ಒಳನುಗ್ಗಿ, ಮೇಲಿನಿಂದ ಹನಿಯುವ ಬಿಸಿನೀರನ್ನು ಆರಿಸಿ ಮೇಲಕ್ಕೇರುತ್ತದೆ. ಮೇಲಿನ ಕೊಳವೆಯನ್ನು ತೆಗೆದುಬಿಡಿ, ಉಳಿಯುವುದು ಕಂಬಗಳ ಬಳೆ. ಅದೇ ಪ್ರಾಂತ್ಯದ ಶೆಖ್ನಿತ್ಸೆ ಎಂಬಲ್ಲಿ ಇದೇ ಬಗೆಯ ಕಟ್ಟಡ ಇದೇ ಕೆಲಸಕ್ಕೆ ನಿಂತಿತ್ತು.

ಗುರುತ್ವಕ್ಕೆ ವಿದ್ಯುತ್ತಿನಂತೆ ಧನ, ಋಣ ಎಂಬ ಎರಡು ಮುಖಗಳಿಲ್ಲ; ಅದು ಸೆಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಸಾಮಾನ್ಯ ದ್ರವ್ಯದ ವಿದ್ಯುದಂಶ ತಿರುವುಮುರುವಾದ ಪ್ರತಿದ್ರವ್ಯವಾದರೂ ಮೇಲಕ್ಕೆ ಹೋದೀತೇ ಎಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರತಿ-ಹೈಡ್ರೋಜನ್ ಪರಮಾಣುಗಳನ್ನು ಬಿಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು: ಅವೂ ಕೆಳಕ್ಕೇ ಬಿದ್ದವು.

ಗಂಟೆಯನ್ನು ಅಮೆರಿಕನ್ನರು ಎತ್ತಿಕೊಂಡು ಹೋದರು ಎನ್ನುವವರಿದ್ದಾರೆ. ಅಮೆರಿಕನ್ನರು ಜರ್ಮನಿಯಿಂದ ನಿಜಕ್ಕೂ ಕೊಂಡೊಯ್ದದ್ದು ವಿ-2 ರಾಕೆಟ್‌ಗಳನ್ನು, ಅವುಗಳ ಎಂಜಿನಿಯರುಗಳನ್ನು. ಅದೇ ಎಂಜಿನಿಯರುಗಳ ಮುಂದಾಳತ್ವದಲ್ಲಿ ಹುಟ್ಟಿದ ಸ್ಯಾಟರ್ನ್-5 ರಾಕೆಟ್ 2,800 ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇಂಧನವೇ. ಗುರುತ್ವವನ್ನು ಗೆದ್ದ ಗಂಟೆ ಗೋದಾಮಿನಲ್ಲಿದ್ದರೆ, ಮೂರು ಜನರನ್ನು ಚಂದ್ರನತ್ತ ಕಳಿಸಲು ಇಷ್ಟೊಂದು ಬೆಂಕಿ ಹಚ್ಚುವ ಕರ್ಮ ಯಾರಿಗೆ ಬೇಕಿತ್ತು? ವಿ-2ಗಳನ್ನು ಜೋಡಿಸಿದ್ದು ಮಿಟೆಲ್‌ಬೌ-ಡೋರಾ ಶಿಬಿರದ ಕೈದಿಗಳು, ಸುರಂಗಗಳೊಳಗೆ; ಅಲ್ಲಿ ಸಾವಿರ ಸಾವಿರ ಜನ ಹಸಿವಿನಿಂದ, ದುಡಿತದಿಂದ ಸತ್ತರು. ಲುಡ್ವಿಕೊವಿಟ್ಸೆಯ ಆಸುಪಾಸಿನ ಬೆಟ್ಟಗಳಲ್ಲೂ ಗ್ರೋಸ್-ರೋಸೆನ್ ಶಿಬಿರದ ಕೈದಿಗಳು ಅಗೆದ ಸುರಂಗಗಳಿವೆ.

ಕೊನೆಗೆ ಆ ಕಡತದ ಮನುಷ್ಯ ಸ್ಪೋರೆನ್‌ಬೆರ್ಗ್. ಗಂಟೆಯ ಕಥೆಯಲ್ಲಿ ಅವನು ಗುಟ್ಟು ಕಾಯುವ ಯಕ್ಷ. ದಾಖಲೆಗಳಲ್ಲಿ ಅವನು ಲುಬ್ಲಿನ್ ಜಿಲ್ಲೆಯ ಎಸ್‌ಎಸ್ ಮತ್ತು ಪೊಲೀಸ್ ಮುಖ್ಯಸ್ಥ. ಪೋಲೆಂಡ್ 1950ರಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. 1952ರ ಡಿಸೆಂಬರಿನಲ್ಲಿ ವಾರ್ಸಾದಲ್ಲಿ ಗಲ್ಲಿಗೇರಿಸಿತು. ಅವನ ಮುಂದಾಳತ್ವದಲ್ಲಿ 1943ರ ನವೆಂಬರ್ 3 ಮತ್ತು 4ರಂದು ಆ ಜಿಲ್ಲೆಯ ಶಿಬಿರಗಳಲ್ಲಿ ಸುಮಾರು 42,000 ಯಹೂದಿಗಳನ್ನು ಕಂದಕಗಳಲ್ಲಿ ಗುಂಡಿಟ್ಟು ಕೊಂದರು. ಆ ಕಾರ್ಯಾಚರಣೆಗೆ ಅವರು ಇಟ್ಟಿದ್ದ ಹೆಸರು ‘ಸುಗ್ಗಿ ಹಬ್ಬ’. ಮೈದಾನೆಕ್ ಶಿಬಿರದಲ್ಲಿ ಗುಂಡಿನ ಸದ್ದು ಹೊರಗೆ ಕೇಳದಿರಲೆಂದು ಧ್ವನಿವರ್ಧಕಗಳಲ್ಲಿ ದಿನವಿಡೀ ಸಂಗೀತ ಹಾಕಿದ್ದರು.

ನಮಸ್ಕಾರ.